ಕಪ್ಪಂಗಿಯ ಕಸಾಲೆ: ಒಬ್ಬ ಮಾಷ್ಟ್ರು ಕಟ್ಟಿದ ಫುಟ್‌ಬಾಲ್ ತಂಡ

ವಿಶ್ವಕಪ್ ಬಂತೆಂದರೆ ನಮ್ಮ ಕಾಸರಗೋಡು ಕಡೆಯ ರಸ್ತೆಗಳಲ್ಲಿ ಕರೆಂಟು ಕಂಬ ಕಾಣುವುದಿಲ್ಲ. ಒಂದು ಬದಿ ಅರ್ಜೆಂಟೀನಾದ ಫ್ಲೆಕ್ಸು, ಇನ್ನೊಂದು ಬದಿ ಬ್ರೆಜಿಲಿನದ್ದು. ಮೊಗ್ರಾಲಿನಂಥ ಊರಿನಲ್ಲಿ ಮಕ್ಕಳು ನಡೆಯಲು ಕಲಿತ ಮರುದಿನವೇ ಚೆಂಡು ಒದೆಯಲು ಕಲಿಯುತ್ತಾರೆ ಎಂದರೆ ತೀರಾ ಉತ್ಪ್ರೇಕ್ಷೆಯೇನಲ್ಲ. ಇಂಥ ಕಡೆ ಪಾಠ ಮಾಡುವವರಿಗೆ ಫುಟ್‌ಬಾಲ್ ಗೊತ್ತಿಲ್ಲದೆ ನಡೆಯದು. ಯುವೆಂಟಸ್ಸಿನ ಪಟ್ಟೆ ಪಟ್ಟೆ ಅಂಗಿ ಹಾಕಿಕೊಂಡು ಓಡಾಡುವ ಒಬ್ಬ ಹುಡುಗ ಒಮ್ಮೆ ನಮ್ಮಲ್ಲಿ ಕೇಳಿದ, "ಮಾಷ್ಟ್ರೇ, ಇಟಲಿಯಲ್ಲಿ ದೊಡ್ಡ ಪೇಟೆಯ ಟೀಮುಗಳು ಮಾತ್ರ ಗೆಲ್ಲುವುದಾ?" ಎಂದು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಕಸಾಲೆ ಎಂಬ ಸಣ್ಣ ಊರು. ಆ ಊರಿನ ತಂಡವನ್ನು ಕಟ್ಟಿದವರು ಒಬ್ಬ ಶಾಲಾ ಮಾಷ್ಟ್ರು ಎಂದು ತಿಳಿದ ಮೇಲೆ ಬಿಟ್ಟು ಬಿಡುವುದು ನಮ್ಮಿಂದ ಆಗಲಿಲ್ಲ.

ಪೂರ್ತಿ ಹೆಸರು ಕಸಾಲೆ ಮೊನ್ಫೆರಾಟೊ. ಇಟಲಿಯ ವಾಯವ್ಯ ಮೂಲೆಯ ಪಿಯೆಡ್ಮಾಂಟ್ ಪ್ರಾಂತ್ಯದಲ್ಲಿ, ಟ್ಯೂರಿನ್ ನಗರದ ಪೂರ್ವಕ್ಕೆ, ಪೊ ನದಿಯ ದಂಡೆಯಲ್ಲಿದೆ. ಹಿಂದೆ ಮೊನ್ಫೆರಾಟೊ ಎಂಬ ಸಣ್ಣ ಸಂಸ್ಥಾನದ ರಾಜಧಾನಿಯಾಗಿದ್ದ ಊರು. ನದಿಯ ತೆಂಕು ಬದಿಗೆ ದ್ರಾಕ್ಷಿ ತೋಟದ ಗುಡ್ಡಗಳು. ಬಡಗು ಬದಿಗೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಹೌದು, ಭತ್ತವೇ. ಇಟಲಿ ಎಂದರೆ ಗೋಧಿ, ಮೈದಾ ಎಂದು ನಾವೂ ತಿಳಿದುಕೊಂಡಿದ್ದೆವು. ಆದರೆ ಪೊ ನದಿಯ ಬಯಲಿನಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯುತ್ತಾರೆ, ಕಳೆ ಕೀಳಲು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಲ್ಲುತ್ತಿದ್ದರು. ಆ ಗದ್ದೆ ಸೀಮೆಯ ಮುಖ್ಯ ಪೇಟೆ ವೆರ್ಚೆಲ್ಲಿ. ಕಸಾಲೆಗೂ ವೆರ್ಚೆಲ್ಲಿಗೂ ಮಧ್ಯೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು, ಅಷ್ಟೆ. ಅಕ್ಕಪಕ್ಕದ ಊರುಗಳ ನಡುವೆ ಏನಿರುತ್ತದೋ ಅದೇ ಅಲ್ಲಿಯೂ ಇತ್ತು. ಹೊಟ್ಟೆಕಿಚ್ಚು!

ಕಸಾಲೆಯ ಕತೆ ವೆರ್ಚೆಲ್ಲಿಯಿಂದಲೇ ಆರಂಭಿಸಬೇಕು.

ವೆರ್ಚೆಲ್ಲಿಯಲ್ಲಿ 1892ರಲ್ಲಿ ಒಂದು ವ್ಯಾಯಾಮ ಸಂಘ ಹುಟ್ಟಿತು. ಹೆಸರು ಪ್ರೊ ವೆರ್ಚೆಲ್ಲಿ. ಅದರೊಳಗೆ 1903ರಲ್ಲಿ ಫುಟ್‌ಬಾಲ್ ವಿಭಾಗ ಶುರುವಾಯಿತು. ಶುರು ಮಾಡಿದ ಮಾರ್ಚೆಲ್ಲೊ ಬೆರ್ತಿನೆಟ್ಟಿ ನಿಜವಾಗಿ ಕತ್ತಿವರಸೆಯ ಆಳು, ಮುಂದೆ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವರು. ಇಟಲಿಗೆ ಫುಟ್‌ಬಾಲ್ ತಂದವರು ಇಂಗ್ಲಿಷರು ಮತ್ತು ಸ್ವಿಸ್ ವ್ಯಾಪಾರಿಗಳು. ಜಿನೋವಾ, ಮಿಲಾನ್, ಟ್ಯೂರಿನ್ ತಂಡಗಳಲ್ಲಿ ಅವರದ್ದೇ ಕಾರುಬಾರು. ವೆರ್ಚೆಲ್ಲಿಯಲ್ಲಿ ಮಾತ್ರ ಎಲ್ಲರೂ ಊರ ಹುಡುಗರು. 1908ರಲ್ಲಿ ಇಟಲಿಯ ಫೆಡರೇಷನ್ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ವಿದೇಶಿಯರು ಆಡಬಾರದೆಂದು ನಿಯಮ ಮಾಡಿತು. ಜಿನೋವಾ, ಟೊರಿನೊ, ಮಿಲಾನ್ ತಂಡಗಳು ಸಿಟ್ಟು ಮಾಡಿಕೊಂಡು ದೂರ ಉಳಿದವು. ಬಿಳಿ ಅಂಗಿಯ ಪ್ರೊ ವೆರ್ಚೆಲ್ಲಿ ಚಾಂಪಿಯನ್ ಆಯಿತು. ಇದೇನು ಪುಕ್ಕಟೆ ಗೆಲುವು ಎಂದು ಮೂಗು ಮುರಿಯುವವರಿಗೆ ಅವರು 1909, 1911, 1912, 1913ರಲ್ಲಿ ಮತ್ತೆ ಮತ್ತೆ ಗೆದ್ದು ಉತ್ತರ ಕೊಟ್ಟರು. 1913ರ ಮೇ 1ರಂದು ಟ್ಯೂರಿನ್ನಿನಲ್ಲಿ ಬೆಲ್ಜಿಯಂ ವಿರುದ್ಧ ಇಟಲಿ ಆಡಿದಾಗ ಹನ್ನೊಂದು ಜನರಲ್ಲಿ ಒಂಬತ್ತು ಜನ ವೆರ್ಚೆಲ್ಲಿಯವರು. ಒಂದು ದೇಶದ ತಂಡ ಎನ್ನುವ ಬದಲು ಒಂದು ಭತ್ತದ ಪೇಟೆಯ ತಂಡ ಎನ್ನಬಹುದಿತ್ತು!

ನಡುವೆ 1910 ಬಿಟ್ಟು ಹೋಯಿತಲ್ಲ ಎಂದು ಗಮನಿಸಿದವರಿಗೆ ಅದರ ಕತೆಯನ್ನೂ ಹೇಳಿಬಿಡುತ್ತೇವೆ. ಆ ವರ್ಷ ವೆರ್ಚೆಲ್ಲಿ ಮತ್ತು ಮಿಲಾನಿನ ಇಂಟರ್ ತಂಡಗಳು ಸಮ ಅಂಕ ಪಡೆದು, ನಿರ್ಣಾಯಕ ಪಂದ್ಯ ಏಪ್ರಿಲ್ 24ಕ್ಕೆ ನಿಗದಿಯಾಯಿತು. ವೆರ್ಚೆಲ್ಲಿಯ ಕೆಲವು ಆಟಗಾರರಿಗೆ ಆ ಹೊತ್ತಿಗೆ ಸೈನ್ಯದ ಪಂದ್ಯಾಟವೊಂದರಲ್ಲಿ ಆಡಲಿಕ್ಕಿತ್ತು. ದಿನ ಮುಂದೂಡಿ ಎಂದು ಕೇಳಿದರು. ಇಂಟರಿನವರು ಒಪ್ಪಲಿಲ್ಲ. ಸರಿ, ಹಾಗಾದರೆ ನೋಡಿ ಎಂದು ವೆರ್ಚೆಲ್ಲಿಯವರು ಮೈದಾನಕ್ಕೆ ಇಳಿಸಿದ್ದು ತಮ್ಮ ನಾಲ್ಕನೆಯ ತಂಡವನ್ನು, ಅಂದರೆ ಹತ್ತರಿಂದ ಹದಿನೈದು ವರ್ಷದ ಪೋರರನ್ನು. ಫಲಿತಾಂಶ 10-3. ಇಂಟರ್ ತನ್ನ ಮೊದಲ ಚಾಂಪಿಯನ್ ಪಟ್ಟ ಪಡೆದದ್ದು ಹೀಗೆ, ಮಕ್ಕಳ ಮೇಲೆ ಗೆದ್ದು. ಫೆಡರೇಷನ್ನಿಗೆ ಇದು ಅವಮಾನ ಎನಿಸಿ ವೆರ್ಚೆಲ್ಲಿಯವರಿಗೆ ನಿಷೇಧ ಹಾಕಿತು. ಮೇ 15ರಂದು ಇಟಲಿ ತನ್ನ ಚರಿತ್ರೆಯ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿ ಫ್ರಾನ್ಸನ್ನು 6-2ರಿಂದ ಸೋಲಿಸಿದಾಗ ದೇಶದ ಅತ್ಯುತ್ತಮ ತಂಡದ ಒಬ್ಬನೂ ಅದರಲ್ಲಿ ಇರಲಿಲ್ಲ. ನಮಗಂತೂ ಆ ಮೂರು ಗೋಲು ಹೊಡೆದ ಪೋರರ ಮೇಲೆಯೇ ಅಭಿಮಾನ.

ಇನ್ನು ಕಸಾಲೆಗೆ ಬರೋಣ. ಅಲ್ಲಿನ ಲೆಯಾರ್ದಿ ಎಂಬ ತಾಂತ್ರಿಕ ವಿದ್ಯಾಲಯದಲ್ಲಿ ರಫಾಯೆಲೆ ಜಾಫೆ ಎಂಬ ವಿಜ್ಞಾನ ಅಧ್ಯಾಪಕರಿದ್ದರು. ಹುಟ್ಟಿದ್ದು 1877ರಲ್ಲಿ, ಹತ್ತಿರದ ಆಸ್ತಿ ಎಂಬಲ್ಲಿ, ಯಹೂದಿ ಮನೆತನದಲ್ಲಿ. ಕಸಾಲೆಯಲ್ಲಿ ಯಹೂದಿಗಳದ್ದು ಹಳೆಯ ವಾಸ, ಅವರ ಪ್ರಾರ್ಥನಾ ಮಂದಿರ ಕಟ್ಟಿದ್ದೇ 1595ರಲ್ಲಿ. ಇಪ್ಪತ್ತು ಕಿಲೋಮೀಟರು ಆಚೆಯ ಊರು ವರ್ಷ ವರ್ಷ ದೇಶಕ್ಕೇ ಮೊದಲು ಬರುತ್ತಿರುವಾಗ ನಮ್ಮ ಹುಡುಗರು ಸುಮ್ಮನೆ ನೋಡುತ್ತಾ ಕೂರುವುದೇ ಎಂಬ ಕಿಚ್ಚು ಅವರದ್ದು. 1909ರ ಡಿಸೆಂಬರಿನಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಸೇರಿಸಿ ಕಸಾಲೆ ಫುಟ್‌ಬಾಲ್ ಕ್ಲಬ್ ಸ್ಥಾಪಿಸಿದರು. ಆಗ ಅವರ ವಯಸ್ಸು ಮೂವತ್ತೆರಡು.

ಅಂಗಿಯ ಬಣ್ಣ ಯಾವುದು? ಚರ್ಚೆಯೇ ಬೇಕಿರಲಿಲ್ಲ. ವೆರ್ಚೆಲ್ಲಿಯದ್ದು ಬಿಳಿ, ಆದ್ದರಿಂದ ನಮ್ಮದು ಕಪ್ಪು. ಎದೆಯ ಮೇಲೆ ಅದೃಷ್ಟಕ್ಕೆಂದು ಒಂದು ಬಿಳಿ ನಕ್ಷತ್ರ. ಇಂದಿಗೂ ಕಸಾಲೆಯವರನ್ನು "ಕಪ್ಪು ನಕ್ಷತ್ರದವರು" ಎಂಬ ಅರ್ಥದ ಹೆಸರಿನಿಂದ ಕರೆಯುವುದು ಅದಕ್ಕೆ. ಮುಂದೆ ಮುಸೊಲಿನಿಯ ದಂಡಿನವರೂ ಕಪ್ಪಂಗಿ ತೊಟ್ಟರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಅದಕ್ಕಿಂತ ಹತ್ತು ವರ್ಷ ಹಳೆಯದು. ಆದರೂ ಈ ಕತೆ ಮುಗಿಯುವ ಹೊತ್ತಿಗೆ ಆ ಇನ್ನೊಂದು ಕಪ್ಪಂಗಿಯೂ ಬರುತ್ತದೆ.

ಶಾಲೆಯಲ್ಲಿ ಆಟದ ತಂಡ ಕಟ್ಟುವುದೆಂದರೆ ಏನು ಎಂಬುದು ನಮ್ಮಂಥವರಿಗೆ ಗೊತ್ತು. ಚೆಂಡಿಗೆ ದುಡ್ಡು ಹೊಂದಿಸಬೇಕು, ಹೆತ್ತವರನ್ನು ಒಪ್ಪಿಸಬೇಕು, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಆಟದ ಮಾಷ್ಟ್ರ ತಲೆಗೇ ಬರುತ್ತದೆ. ನಾಲ್ಕು ವರ್ಷದಲ್ಲಿ ಜಿಲ್ಲೆಗೆ ಬಂದರೆ ಮೆರವಣಿಗೆ ಮಾಡುತ್ತೇವೆ. ಜಾಫೆ ಮಾಷ್ಟ್ರ ಹುಡುಗರು ಸ್ಥಾಪನೆಯಾಗಿ ನಾಲ್ಕು ವರ್ಷ ತುಂಬುವುದರೊಳಗೆ ಇಂಗ್ಲಿಷ್ ವೃತ್ತಿಪರ ತಂಡವನ್ನು ಸೋಲಿಸಿದರು!

ಅದು 1913ರ ಮೇ ತಿಂಗಳು. ಇಂಗ್ಲೆಂಡಿನ ರೆಡಿಂಗ್ ತಂಡ ಇಟಲಿ ಪ್ರವಾಸಕ್ಕೆ ಬಂದಿತ್ತು. ಆ ಕಾಲದಲ್ಲಿ ಇಂಗ್ಲಿಷ್ ವೃತ್ತಿಪರ ಆಟಗಾರರೆಂದರೆ ಇಟಲಿಯವರ ಪಾಲಿಗೆ ಗುರುಗಳಿದ್ದಂತೆ, ಗುರುಗಳಿಂದ ಪೆಟ್ಟು ತಿಂದು ಕಲಿಯುವುದೇ ಪದ್ಧತಿ. ರೆಡಿಂಗಿನವರು ಜಿನೋವಾವನ್ನು 4-2, ಮಿಲಾನನ್ನು 5-0, ಪ್ರೊ ವೆರ್ಚೆಲ್ಲಿಯನ್ನು 6-0, ಕೊನೆಗೆ ಇಟಲಿಯ ರಾಷ್ಟ್ರೀಯ ತಂಡವನ್ನೂ 2-0ರಿಂದ ಸೋಲಿಸಿದರು. ಆ ಇಡೀ ಪ್ರವಾಸದಲ್ಲಿ ಅವರು ಸೋತದ್ದು ಒಂದೇ ಪಂದ್ಯ. ಕಸಾಲೆಯಲ್ಲಿ, 2-1. ಇಟಲಿಯ ತಂಡವೊಂದು ಇಂಗ್ಲಿಷ್ ವೃತ್ತಿಪರರನ್ನು ಸೋಲಿಸಿದ್ದು ಅದೇ ಮೊದಲು. ವೆರ್ಚೆಲ್ಲಿ ಆರು ಗೋಲು ತಿಂದ ತಂಡವನ್ನು ತಾವು ಸೋಲಿಸಿದೆವು ಎಂದು ಕಸಾಲೆಯ ಕಾಫಿ ಅಂಗಡಿಗಳಲ್ಲಿ ಎಷ್ಟು ದಿನ ಮಾತಾಡಿರಬಹುದು, ಊಹಿಸಿಕೊಳ್ಳಿ.

ಮರುವರ್ಷದ ಸಾಧನೆ ಅದಕ್ಕಿಂತ ದೊಡ್ಡದು. 1913-14ರ ಹೊತ್ತಿಗೆ ದುಡ್ಡಿನ ವಾಸನೆ ಇಟಲಿಯ ಫುಟ್‌ಬಾಲಿಗೆ ತಗಲಲು ಶುರುವಾಗಿತ್ತು. ಜಿನೋವಾ ತಂಡ ಇಂಗ್ಲೆಂಡಿನಿಂದ ವಿಲಿಯಂ ಗಾರ್ಬಟ್ ಎಂಬ ತರಬೇತುದಾರನನ್ನು ಸಂಬಳಕ್ಕೆ ಇಟ್ಟುಕೊಂಡಿತ್ತು. ತಮ್ಮದೇ ಊರಿನ ಎದುರಾಳಿ ಆಂದ್ರೆಯಾ ದೊರಿಯಾ ತಂಡದಿಂದ ಸಾರ್ದಿ, ಸಾಂತಮಾರಿಯಾ ಎಂಬ ಇಬ್ಬರನ್ನು ಗುಟ್ಟಾಗಿ ದುಡ್ಡು ಕೊಟ್ಟು ಸೆಳೆದುಕೊಂಡದ್ದೂ 1913ರಲ್ಲಿಯೇ. ಅದು ಹೊರಬಿದ್ದು ದೊಡ್ಡ ರಂಪವಾಯಿತು, ಏಕೆಂದರೆ ಕಾಗದದ ಮೇಲೆ ಆಗ ಎಲ್ಲರೂ ಹವ್ಯಾಸಿಗಳು. ಇಂಥವರ ನಡುವೆ ಕಸಾಲೆಯ ಹುಡುಗರು ಆಡಿದರು. ಐದು ಸಲದ ಚಾಂಪಿಯನ್ ಪ್ರೊ ವೆರ್ಚೆಲ್ಲಿ ಕೊನೆಯ ಆರು ತಂಡಗಳ ಸುತ್ತಿಗೇ ಬರಲಿಲ್ಲ. ಕಸಾಲೆ ಬಂತು. ಅಲ್ಲಿ ಜಿನೋವಾ, ಇಂಟರ್, ಯುವೆಂಟಸ್, ವೆರೋನಾ, ವಿಚೆಂಜಾ ಎಲ್ಲರನ್ನೂ ಹಿಂದಿಕ್ಕಿ ಉತ್ತರ ಇಟಲಿಯ ಮೊದಲ ಸ್ಥಾನ ಪಡೆಯಿತು.

ಉತ್ತರದ ವಿಜೇತರು ದಕ್ಷಿಣದ ವಿಜೇತರೊಡನೆ ಅಂತಿಮ ಪಂದ್ಯ ಆಡುವುದು ಆಗಿನ ಕ್ರಮ. ದಕ್ಷಿಣದಿಂದ ಬಂದದ್ದು ರಾಜಧಾನಿ ರೋಮಿನ ಲಾಟ್ಸಿಯೊ ತಂಡ. ಆಗ ಉತ್ತರದವರಿಗೂ ದಕ್ಷಿಣದವರಿಗೂ ಆಟದಲ್ಲಿ ಅಜಗಜಾಂತರ. ಜುಲೈ 5ರಂದು ಕಸಾಲೆಯಲ್ಲಿ 7-1. ಒಂದು ವಾರ ಬಿಟ್ಟು, ಜುಲೈ 12ರಂದು, ರೋಮಿನಲ್ಲಿ 2-0. ಕಸಾಲೆ ಇಟಲಿಯ ಚಾಂಪಿಯನ್. ಬಾರ್ಬೆಸಿನೊ, ಮತ್ತೆಯಾ, ವಾರೆಜೆ, ಗಲ್ಲಿನಾ ಎಂಬ ಹೆಸರುಗಳು ಆ ಊರಿನವರಿಗೆ ಬಾಯಿಪಾಠ. ಗೆದ್ದವರ ಅಂಗಿಗೆ ಮೂರು ಬಣ್ಣದ ಸಣ್ಣ ಗುರಾಣಿ ಹೊಲಿಯುವ ಪದ್ಧತಿ ಬಂದದ್ದು 1924ರಲ್ಲಿ. ಆದ್ದರಿಂದ ಜಾಫೆ ಮಾಷ್ಟ್ರ ಹುಡುಗರಿಗೆ ಆ ಗುರಾಣಿಯ ಭಾಗ್ಯವೂ ಇಲ್ಲ, ಬರೀ ನಕ್ಷತ್ರವೇ.

ಪಟ್ಟವನ್ನು ಅನುಭವಿಸಲೂ ಸಮಯ ಸಿಗಲಿಲ್ಲ. ರೋಮಿನ ಪಂದ್ಯ ನಡೆದು ಹದಿನಾರು ದಿನಕ್ಕೆ ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು. 1915ರ ಮೇ ತಿಂಗಳಲ್ಲಿ ಇಟಲಿಯೂ ಯುದ್ಧಕ್ಕೆ ಇಳಿದಾಗ ಆ ವರ್ಷದ ಚಾಂಪಿಯನ್‌ಷಿಪ್ ನಡುವೆಯೇ ನಿಂತಿತು. ಚೆಂಡು ಒದೆಯುತ್ತಿದ್ದ ವಯಸ್ಸಿನವರೆಲ್ಲ ಬಂದೂಕು ಹಿಡಿದು ಆಲ್ಪ್ಸ್ ಪರ್ವತದ ಕಡೆ ಹೋದರು. ಕಸಾಲೆಯ ಕ್ರೀಡಾಂಗಣಕ್ಕೆ ಇಂದು ಇರುವ ಹೆಸರು ನತಾಲೆ ಪಲ್ಲಿ ಎಂಬ ಊರಿನ ವಿಮಾನ ಚಾಲಕನದ್ದು. 1918ರ ಆಗಸ್ಟಿನಲ್ಲಿ ಕವಿ ದನ್ನುನ್ಸಿಯೊ ಶತ್ರುಗಳ ರಾಜಧಾನಿ ವಿಯೆನ್ನಾದ ಮೇಲೆ ಬಾಂಬಿನ ಬದಲು ಕರಪತ್ರ ಉದುರಿಸಿದರಲ್ಲ, ಆ ವಿಮಾನ ನಡೆಸಿದ್ದು ಈ ಪಲ್ಲಿ.

ಯುದ್ಧದ ನಂತರದ ಕತೆ ಸಂಕಟದ್ದು. ಒಳ್ಳೆಯ ಹುಡುಗರು ಹುಟ್ಟುವುದೇನೂ ನಿಲ್ಲಲಿಲ್ಲ. ವೆರ್ಚೆಲ್ಲಿ 1921 ಮತ್ತು 1922ರಲ್ಲಿ ಇನ್ನೆರಡು ಸಲ ಗೆದ್ದು ಒಟ್ಟು ಏಳು ಪಟ್ಟ ಮಾಡಿಕೊಂಡಿತು. ಕಸಾಲೆಯಲ್ಲಿ 1901ರಲ್ಲಿ ಹುಟ್ಟಿದ ಉಂಬೆರ್ತೊ ಕಲಿಗರಿಸ್, ಹತ್ತಿರದ ಹಳ್ಳಿಯ ಎರಾಲ್ದೊ ಮೊನ್ಸೆಲ್ಯೊ, ಇಬ್ಬರೂ ಕಪ್ಪಂಗಿಯಲ್ಲೇ ಬೆಳೆದ ರಕ್ಷಣಾ ಆಟಗಾರರು. ಆದರೆ 1923ರಲ್ಲಿ ಫಿಯಟ್ ಕಾರಿನ ಆನ್ಯೆಲ್ಲಿ ಕುಟುಂಬ ಯುವೆಂಟಸ್ ತಂಡವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ವೆರ್ಚೆಲ್ಲಿಯ ವಿರ್ಜಿನಿಯೊ ರೊಜೆಟ್ಟಾ ಯುವೆಂಟಸ್ಸಿಗೆ ಹೋದರು. ಈ ವರ್ಗಾವಣೆ ನಿಯಮಕ್ಕೆ ವಿರುದ್ಧ ಎಂದು ಫೆಡರೇಷನ್ ಯುವೆಂಟಸ್ಸಿನ ಅಂಕ ಕಿತ್ತುಕೊಂಡಿತು. ಮೂರೇ ವರ್ಷದಲ್ಲಿ, 1926ರಲ್ಲಿ, ಅದೇ ಫೆಡರೇಷನ್ ನಿಯಮ ಬದಲಿಸಿ ಸಂಬಳದ ಆಟಗಾರರಿಗೆ ಬಾಗಿಲು ತೆರೆಯಿತು. ಮೊನ್ಸೆಲ್ಯೊ ಬೊಲೊನ್ಯಾಕ್ಕೆ ಹೋದರು, ಮುಂದೆ 1934 ಮತ್ತು 1938ರ ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದರು. ಕಲಿಗರಿಸ್ 1928ರಲ್ಲಿ ಯುವೆಂಟಸ್ ಸೇರಿದರು.

ಇಲ್ಲಿ ಒಂದು ತಮಾಷೆ ಇದೆ, ನಮಗೆ ಅದು ತಮಾಷೆಗಿಂತ ಹೆಚ್ಚು. ಯುವೆಂಟಸ್ 1931ರಿಂದ 1935ರವರೆಗೆ ಸಾಲಾಗಿ ಐದು ಸಲ ಚಾಂಪಿಯನ್ ಆಯಿತು. ಆ ತಂಡದ ಗೋಡೆಯಂತಿದ್ದ ಇಬ್ಬರು ರಕ್ಷಣಾ ಆಟಗಾರರು ಯಾರು? ಬಲಕ್ಕೆ ರೊಜೆಟ್ಟಾ, ಎಡಕ್ಕೆ ಕಲಿಗರಿಸ್. ಬಿಳಿ ಅಂಗಿಯ ವೆರ್ಚೆಲ್ಲಿಯವನು, ಕಪ್ಪು ಅಂಗಿಯ ಕಸಾಲೆಯವನು. ಎರಡು ಊರುಗಳ ಹಗೆತನ ಟ್ಯೂರಿನ್ನಿನ ಕಪ್ಪು ಬಿಳಿ ಪಟ್ಟೆಯಲ್ಲಿ ಒಂದಾಗಿ ಹೋಯಿತು. ಆ ಪಟ್ಟೆ ಅಂಗಿಯ ಬಣ್ಣ ಬಂದದ್ದು ಬೇರೆ ಕಾರಣಕ್ಕೆ, ನಿಜ. ಆದರೂ ನಮ್ಮ ಹುಡುಗನ ಮೈಮೇಲೆ ಅದನ್ನು ಕಂಡಾಗಲೆಲ್ಲ ನಮಗೆ ಇದೇ ನೆನಪು. ಹೋದವರನ್ನು ದೂರುವಂತಿಲ್ಲ. ಅನ್ನ ಇರುವಲ್ಲಿಗೆ ಆಟಗಾರ ಹೋಗುತ್ತಾನೆ. ಗಲ್ಫಿಗೆ ಹೋದ ನಮ್ಮ ಊರಿನ ಗೋಲಿಗಳನ್ನು ನಾವು ದೂರುತ್ತೇವೆಯೇ?

1929ರಲ್ಲಿ ಇಡೀ ದೇಶಕ್ಕೆ ಒಂದೇ ಮೇಲಿನ ದರ್ಜೆ, ಸೀರಿ ಎ, ಆರಂಭವಾಯಿತು. ಕಸಾಲೆ ಎರಡನೆಯ ದರ್ಜೆಯಿಂದ ಹೋರಾಡಿ 1930ರಲ್ಲಿ ಮೇಲೇರಿತು, ನಾಲ್ಕು ಋತು ಉಳಿಯಿತು, 1934ರಲ್ಲಿ ಕೆಳಗೆ ಬಿತ್ತು. ವೆರ್ಚೆಲ್ಲಿ ಅದೇ ವರ್ಷ ತನ್ನ ಕೊನೆಯ ದೊಡ್ಡ ಹುಡುಗ ಸಿಲ್ವಿಯೊ ಪಿಯೊಲಾನನ್ನು ಲಾಟ್ಸಿಯೊಗೆ ಮಾರಿತು, ಮರುವರ್ಷ ತಾನೂ ಬಿತ್ತು. ಎರಡೂ ತಂಡಗಳು ಮತ್ತೆ ಸೀರಿ ಎ ಮುಖ ನೋಡಿಲ್ಲ. ವೆರ್ಚೆಲ್ಲಿ 2012ರಲ್ಲಿ ಅರುವತ್ತನಾಲ್ಕು ವರ್ಷದ ಬಳಿಕ ಎರಡನೆಯ ದರ್ಜೆಗೆ ಬಂದು ಊರಿಗೆ ಊರೇ ಕುಣಿಯಿತು. ಕಸಾಲೆ ಮಾತ್ರ ಕೆಳಗಿನ ದರ್ಜೆಗಳಲ್ಲೇ ಉಳಿಯಿತು.

ಕಸಾಲೆ ಎಂದರೆ ಇಂದು ಇಟಲಿಯವರಿಗೆ ಮೊದಲು ನೆನಪಾಗುವುದು ಫುಟ್‌ಬಾಲ್ ಅಲ್ಲ ಎಂಬುದನ್ನೂ ಹೇಳದೆ ಇರಲಾರೆವು. ಅಲ್ಲಿನ ಗುಡ್ಡಗಳ ಸುಣ್ಣದ ಮಣ್ಣಿನಿಂದ ಸಿಮೆಂಟ್ ಉದ್ಯಮ ಬೆಳೆದಿತ್ತು. 1907ರಲ್ಲಿ, ಕ್ಲಬ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ಎಟರ್ನಿಟ್ ಎಂಬ ಆಸ್ಬೆಸ್ಟಾಸ್ ಸಿಮೆಂಟ್ ಶೀಟಿನ ಕಾರ್ಖಾನೆ ತೆರೆಯಿತು. ಹುಲ್ಲಿನ, ಹಂಚಿನ ಮಾಡು ತೆಗೆದು ನಮ್ಮ ಕಡೆಯೂ ಹೊದೆಸಿದ್ದು ಇದೇ ಜಾತಿಯ ಶೀಟು. ಕಾರ್ಖಾನೆಯಲ್ಲಿ ಉಳಿದ ಬಿಳಿ ಪುಡಿಯನ್ನು ಊರಿನವರು ಪುಕ್ಕಟೆ ತಂದು ಅಂಗಳಕ್ಕೆ, ದಾರಿಗೆ, ಆಟದ ಬಯಲುಗಳಿಗೆ ಹಾಸಿಕೊಂಡರು. ಆ ನೂಲು ಶ್ವಾಸಕೋಶದ ಪೊರೆಗೆ ಸೇರಿ ಮೂವತ್ತು ನಾಲ್ವತ್ತು ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. ಕಾರ್ಖಾನೆಯೊಳಗೆ ಕಾಲಿಡದ ಗೃಹಿಣಿಯರು, ಆಟವಾಡಿ ಬೆಳೆದ ಮಕ್ಕಳು ಕೂಡ ಸತ್ತರು. ಕಾರ್ಖಾನೆ 1986ರಲ್ಲಿ ಮುಚ್ಚಿತು. 1992ರಲ್ಲಿ ಇಟಲಿ ಆಸ್ಬೆಸ್ಟಾಸನ್ನೇ ನಿಷೇಧಿಸಿತು. 2023ರಲ್ಲಿ ನೊವಾರಾದ ನ್ಯಾಯಾಲಯದಲ್ಲಿ ಮುಗಿದ ಮೊಕದ್ದಮೆಯ ಪಟ್ಟಿಯಲ್ಲಿ 392 ಜನರ ಸಾವು ಇತ್ತು. ಕಾರ್ಖಾನೆ ಇದ್ದ ಜಾಗದಲ್ಲಿ 2016ರಲ್ಲಿ ಉದ್ಯಾನ ಮಾಡಿದರು. ಕೇರಳದಲ್ಲಿ ಶಾಲೆಗಳ ಆಸ್ಬೆಸ್ಟಾಸ್ ಮಾಡು ತೆಗೆಯಬೇಕೆಂದು ಮಾನವ ಹಕ್ಕುಗಳ ಆಯೋಗ 2009ರಲ್ಲಿ ಹೇಳಿದಾಗ ಏಕಪ್ಪಾ ಈ ಗಡಿಬಿಡಿ ಎಂದುಕೊಂಡವರಲ್ಲಿ ನಾವೂ ಇದ್ದೆವು. ಕಸಾಲೆಯ ಬಗ್ಗೆ ಓದಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಜಾಫೆ ಮಾಷ್ಟ್ರು ಏನಾದರು? 1938ರಲ್ಲಿ ಮುಸೊಲಿನಿಯ ಸರಕಾರ ಜನಾಂಗ ಕಾನೂನು ತಂದು ಯಹೂದಿ ಅಧ್ಯಾಪಕರನ್ನೂ ಯಹೂದಿ ಮಕ್ಕಳನ್ನೂ ಶಾಲೆಗಳಿಂದ ಹೊರಹಾಕಿತು. ಜಾಫೆಯವರ ಹೆಂಡತಿ ಕ್ಯಾಥೊಲಿಕ್, ಅವರು ತಾವೂ ಕ್ಯಾಥೊಲಿಕ್ ಮತಕ್ಕೆ ಸೇರಿದ್ದರು. ಕಾನೂನು ನೋಡಿದ್ದು ಹುಟ್ಟನ್ನು. 1943ರ ನವೆಂಬರ್ 30ರಂದು, ಉತ್ತರ ಇಟಲಿ ಜರ್ಮನರ ಹಿಡಿತದಲ್ಲಿದ್ದಾಗ, ಯಹೂದಿಗಳನ್ನೆಲ್ಲ ಬಂಧಿಸಬೇಕೆಂದು ಮುಸೊಲಿನಿಯ ಹೊಸ ಸರಕಾರವೇ ಆದೇಶ ಹೊರಡಿಸಿತು. 1944ರ ಮೊದಲ ತಿಂಗಳುಗಳಲ್ಲಿ ಜಾಫೆಯವರನ್ನು ಕಸಾಲೆಯಲ್ಲಿ ಹಿಡಿದರು. ಊರಿಗೆ ಚಾಂಪಿಯನ್ ಪಟ್ಟ ತಂದುಕೊಟ್ಟ ಮುದುಕರು ಎಂಬುದು ಯಾವ ಕಡತದಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ. ಮೊದಲು ಫೊಸ್ಸೊಲಿ ಎಂಬಲ್ಲಿನ ಶಿಬಿರ. ಅಲ್ಲಿ ಮಿಶ್ರ ವಿವಾಹದವರನ್ನು ಕೆಲವು ತಿಂಗಳು ಸಾಗಿಸದೆ ಇಟ್ಟುಕೊಂಡಿದ್ದರು. ಆಗಸ್ಟ್ ಬಂದಾಗ ಶಿಬಿರ ಖಾಲಿ ಮಾಡಿ ಅವರನ್ನೂ ರೈಲಿಗೆ ಹತ್ತಿಸಿದರು. ಆ ತಿಂಗಳಲ್ಲೇ ಆಶ್ವಿಟ್ಜಿನಲ್ಲಿ ಜಾಫೆಯವರನ್ನು ಕೊಂದರು. ಅವರಿಗೆ ಅರುವತ್ತಾರು ವರ್ಷ. ಅವರ 1914ರ ಹುಡುಗ ಬಾರ್ಬೆಸಿನೊ, ಮುಂದೆ ರೋಮಾ ತಂಡದ ತರಬೇತುದಾರನಾಗಿದ್ದವನು, ಅದಕ್ಕೆ ಮೂರು ವರ್ಷ ಮೊದಲೇ ಇಟಲಿಯ ವಾಯುಪಡೆಯ ವಿಮಾನದಲ್ಲಿ ಸಮುದ್ರದ ಮೇಲೆ ಹೋಗಿ ಹಿಂತಿರುಗಿರಲಿಲ್ಲ.

ಲೆಯಾರ್ದಿ ವಿದ್ಯಾಲಯ ಕಸಾಲೆಯಲ್ಲಿ ಈಗಲೂ ನಡೆಯುತ್ತಿದೆ. ಪಟ್ಟೆ ಅಂಗಿಯ ಹುಡುಗನಿಗೆ ಇದನ್ನೆಲ್ಲ ಹೇಳಿದೆವು. ಎಲ್ಲ ಕೇಳಿ ಅವನು ಕೇಳಿದ್ದು ಒಂದೇ, "ಮಾಷ್ಟ್ರೇ, ಆ ಹತ್ತು ಗೋಲು ತಿಂದ ಮಕ್ಕಳಲ್ಲಿ ಮೂರು ಗೋಲು ಹೊಡೆದವರು ಯಾರು?"